ಐವತ್ತೇಳರ ಬಿಳಿ ಟೋಪಿ

ಜೂನ್ 12, ಗುರುವಾರ

ಫೆಬ್ರವರಿ ಹತ್ತನೇ ತಾರೀಕಿನಿಂದ ನಾನು ಶಾಲೆಗೆ ಹೋಗಿಲ್ಲ. ಇದು ಯಾರಿಗೂ ಗೊತ್ತಿಲ್ಲ. ಇಲ್ಲೂ ಇಷ್ಟು ದಿನ ಬರೆದಿರಲಿಲ್ಲ, ಬರೆದರೆ ನಿಜವಾಗಿಬಿಡುತ್ತದೆ ಎಂಬ ಭಯಕ್ಕೆ. ಏಪ್ರಿಲ್‌ನಲ್ಲಿ ಕಚೇರಿಗೆ ಹೋಗಿ ಹೆಸರನ್ನೂ ತೆಗೆಸಿದೆ. ಹದಿನೆಂಟು ತುಂಬಿದವರಿಗೆ ತಮ್ಮದೇ ಸಹಿ ಸಾಕು, ಅಮ್ಮನದು ಬೇಡ. ಜನವರಿಯಲ್ಲಿ ಹುಟ್ಟುಹಬ್ಬದ ದಿನವೇ ನನ್ನ ಹಾಜರಿ, ಅಂಕ ಯಾವುದೂ ಅಮ್ಮನ ಫೋನಿನಲ್ಲಿ ಕಾಣದಂತೆ ಮಾಡಿದ್ದೆ. ಎಲ್ಲರೂ ಮಾಡ್ತಾರೆ ಎಂದಿದ್ದೆ. ಅದು ನಿಜ, ತರಗತಿಯಲ್ಲಿ ಎಲ್ಲರೂ ಮಾಡಿದ್ದರು.

ನಾನು ಸುಳ್ಳು ಹೇಳುವುದಿಲ್ಲ. ಇದನ್ನು ಹೆಮ್ಮೆಗೆ ಬರೆಯುತ್ತಿಲ್ಲ, ಅದೊಂದು ಹಟ. ಇವತ್ತು ಹೇಗಿತ್ತು ಎಂದು ಅಮ್ಮ ಕೇಳುತ್ತಿದ್ದಳು. ಉದ್ದವಾಗಿತ್ತು ಎನ್ನುತ್ತಿದ್ದೆ. ಮಧ್ಯಾಹ್ನದ ಊಟಕ್ಕೆ ಏನು ಕೊಟ್ಟರು ಎಂದರೆ, ಗೊತ್ತಿಲ್ಲ, ನಾನು ತಿನ್ನಲಿಲ್ಲ ಎನ್ನುತ್ತಿದ್ದೆ. ಒಂದಾದರೂ ಸುಳ್ಳಲ್ಲ. ನೀನು ಶಾಲೆಗೆ ಹೋಗುತ್ತಿದ್ದೀಯಾ ಎಂದು ನೇರವಾಗಿ ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಯಾರೂ ಕೇಳಲಿಲ್ಲ, ಅಷ್ಟೆ.

ಯಾಕೆ ಬಿಟ್ಟೆ ಎಂದರೆ ಕೂರಲು ಆಗಲಿಲ್ಲ. ಒಂದೊಂದು ಪಾಠ ಎಪ್ಪತ್ತೈದು ನಿಮಿಷ. ನಲವತ್ತನೇ ನಿಮಿಷಕ್ಕೆ ಕಾಲೊಳಗೆ ಇರುವೆ ಹರಿದಂತಾಗುತ್ತಿತ್ತು. ಒಂದು ಸೋಮವಾರ ಶಾಲೆಯ ಬಾಗಿಲವರೆಗೆ ಹೋದವಳು ನಿಲ್ಲದೆ ಮುಂದೆ ನಡೆದುಬಿಟ್ಟೆ. ಹೆಪ್ಪುಗಟ್ಟಿದ ಸರೋವರದ ಮೇಲೆ ರಂಧ್ರ ಕೊರೆದು ಮೀನು ಹಿಡಿಯುವ ಮುದುಕರನ್ನು ದಾಟಿ, ಆಚೆ ದಡದವರೆಗೆ. ಆಮೇಲೆ ಮೇ ಕೊನೆಯವರೆಗೂ ದಿನವೂ ಬಸ್ಸಿನ ಕೊನೆಯ ನಿಲ್ದಾಣಕ್ಕೆ ಹೋಗಿ, ನಡೆದು ವಾಪಸ್ಸಾಗುತ್ತಿದ್ದೆ.

ಇವತ್ತು ಅಮ್ಮನ ಜೊತೆ ಬೇಸಿಗೆ ಮನೆಗೆ ಬಂದೆ. ಅಜ್ಜಿ ಮೇ ತಿಂಗಳಿನಿಂದಲೇ ಇಲ್ಲಿದ್ದಾಳೆ. ಜುಲೈ ಐದಕ್ಕೆ ಸ್ವೀಡನ್ನಿನಿಂದ ಇಲ್ಲಿಗೆ, ಫಿನ್ಲೆಂಡಿಗೆ, ಅಜ್ಜಿಯ ತಂಗಿ ಇರ್ಮೆಲಿ ಬರುತ್ತಾಳೆ, ಮೊಮ್ಮಗಳು ಲಿನ್ನೇಯಳ ಜೊತೆ. ಲಿನ್ನೇಯ ಈ ಜೂನ್‌ನಲ್ಲಿ ಶಾಲೆ ಮುಗಿಸಿ, ಮುಗಿಸಿದವರು ಹಾಕುವ ಬಿಳಿ ಟೋಪಿ ಹಾಕಿಕೊಂಡಳಂತೆ. ಕಾರಿನಿಂದ ಇಳಿದ ಕೂಡಲೇ ಅಜ್ಜಿ ಹೇಳಿದ ಮೊದಲ ಸುದ್ದಿ ಅದೇ. ಎರಡನೆಯದು, ಮುಂದಿನ ವರ್ಷ ನಮ್ಮ ಸರದಿ ಎಂಬುದು.

ಸರೋವರದ ನೀರು 13 ಡಿಗ್ರಿ.

ಜೂನ್ 14, ಶನಿವಾರ

ಗಂಜಿಯ ಬಟ್ಟಲು ಖಾಲಿಯಾಗುವ ಮೊದಲೇ ಅಜ್ಜಿ ಹೊಲಿಗೆ ಡಬ್ಬಿಯಿಂದ ಟೇಪು ತಂದು, ಅಲ್ಲಾಡಬೇಡ ಎಂದು ನನ್ನ ತಲೆಗೆ ಸುತ್ತಿದಳು. ಪೇಟೆಯಲ್ಲಿ ಬಿಳಿ ಟೋಪಿ ಹೊಲಿಯುವ ಹೆಂಗಸು ಈ ಬೇಸಿಗೆಗೆ ಅಂಗಡಿ ಮುಚ್ಚುತ್ತಾಳಂತೆ. ಆಮೇಲೆ ಎಲ್ಲ ಕಾರ್ಖಾನೆಯ ಮಾಲು. ಅದಕ್ಕೇ ಅಜ್ಜಿ ಒಂದು ವರ್ಷ ಮೊದಲೇ ಹೇಳಿ ಇಡುತ್ತಾಳೆ. ಒಳಗಿನ ರೇಷ್ಮೆಯ ಮೇಲೆ ಹೆಸರು ಹೊಲಿಸುತ್ತಾಳೆ.

"ಐವತ್ತಾರು," ಎಂದಳು.

ಟೇಪನ್ನು ಬೆರಳಲ್ಲಿ ಹಿಡಿದೇ ಇಳಿಸಿ ನೋಡಿದೆ. "ಐವತ್ತೇಳು ಅಜ್ಜಿ. ನೀನು ಬಿಗಿಯಾಗಿ ಎಳೆದೆ."

ಮತ್ತೆ ಅಳೆದಳು. ಐವತ್ತೇಳೇ. "ಒಳ್ಳೇದಾಯ್ತು ಹೇಳಿದ್ದು. ಇಲ್ಲಾಂದ್ರೆ ಪ್ರತಿ ಮೇ ಒಂದರ ಹಬ್ಬಕ್ಕೂ ಟೋಪಿ ಹಾಕ್ಕೊಂಡಾಗ ತಲೆನೋವು ಬರ್ತಿತ್ತು ನಿಂಗೆ."

ಒಂದು ಸೆಂಟಿಮೀಟರಿನ ವಿಷಯದಲ್ಲಿ ನಾನು ಇಷ್ಟು ಪ್ರಾಮಾಣಿಕಳು.

ಅಜ್ಜಿ ಏಳು ವರ್ಷ ಶಾಲೆಗೆ ಹೋಗಿ ಹಾಲಿನ ಡೈರಿ ಸೇರಿದವಳು. ಇರ್ಮೆಲಿ ಹತ್ತೊಂಬತ್ತಕ್ಕೆ ಹಡಗು ಹತ್ತಿ ಸ್ವೀಡನ್ನಿನ ಕಾರು ಕಾರ್ಖಾನೆಗೆ ಹೋದಳು. ಅಮ್ಮ ವೃದ್ಧರ ಆರೈಕೆಯ ತರಬೇತಿ ಮಾಡಿದಳು, ಅದಕ್ಕೆ ಟೋಪಿ ಇಲ್ಲ. ನಮ್ಮ ಮನೆಯಲ್ಲಿ ಟೋಪಿ ಯಾರ ತಲೆಯ ಮೇಲೂ ಕೂತಿಲ್ಲ. ಅಜ್ಜಿ ಕೋಣೆಯಲ್ಲಿ ಫೋನ್ ಹಿಡಿದು ಅಂಗಡಿಯವಳಿಗೆ ಗಟ್ಟಿಯಾಗಿ ನನ್ನ ಹೆಸರು ಒಂದೊಂದೇ ಅಕ್ಷರವಾಗಿ ಹೇಳುತ್ತಿದ್ದಳು. ಸೈಮಿ. ನನ್ನ ಮುತ್ತಜ್ಜಿಯ ಹೆಸರು. ನಾನು ನೀರು ತರುವ ನೆಪದಲ್ಲಿ ಹೊರಗೆ ಹೋದೆ. ಬಾವಿಯಿಂದ ಆರು ಕೊಡ ಸೇದಿದೆ. ಬೇಕಾಗಿದ್ದದ್ದು ಎರಡು.

ಜೂನ್ 20, ಶುಕ್ರವಾರ

ನಡುಬೇಸಿಗೆಯ ಹಬ್ಬ. ದಡದ ಎಲ್ಲ ಮನೆಗಳ ಮುಂದೆಯೂ ಹಬ್ಬದ ಬೆಂಕಿ. ಹೊಸ ಆಲೂಗಡ್ಡೆ, ಸಬ್ಬಸಿಗೆ, ಉಪ್ಪಿನ ಮೀನು.

ಇವತ್ತು ಅಮ್ಮನಿಗೆ ಹೇಳಬೇಕೆಂದು ನಿರ್ಧರಿಸಿದ್ದೆ. ಸೌನಾದಲ್ಲಿ, ಹಬೆಸ್ನಾನದ ಮನೆಯಲ್ಲಿ, ಹೇಳುವುದು ಸುಲಭ ಎನಿಸಿತ್ತು. ಮೈಮೇಲೆ ಬಟ್ಟೆ ಇಲ್ಲ, ಹಬೆಯಲ್ಲಿ ಮುಖ ಸರಿಯಾಗಿ ಕಾಣುವುದಿಲ್ಲ, ಬೆವರೂ ಅಳುವೂ ಒಂದೇ. ಮೇಲಿನ ಹಲಗೆಯ ಮೇಲೆ ಅಮ್ಮ, ನಾನು, ಅಜ್ಜಿ. ಅಮ್ಮ, ಶಾಲೆಯ ವಿಷಯ ಒಂದು ಹೇಳಬೇಕು ಎಂದು ಶುರು ಮಾಡಿದೆ.

ಅಜ್ಜಿ ಕಾದ ಕಲ್ಲುಗಳ ಮೇಲೆ ಒಂದು ಸೌಟು ನೀರು ಎಸೆದಳು. "ಇಲ್ಲಿ ಬೇಡ. ನಿಮ್ಮಜ್ಜ ಸೌನಾದಲ್ಲಿ ಶಾಲೆ, ಆಫೀಸು, ಸರ್ಕಾರ ಯಾವ್ದೂ ಮಾತಾಡಕ್ಕೆ ಬಿಡ್ತಿರ್ಲಿಲ್ಲ."

ಹೊರಗೆ ಬಂದ ಮೇಲೆ ಅಮ್ಮ ಕೇಳಿದಳು, ಏನೋ ಹೇಳಕ್ಕೆ ಹೊರಟಿದ್ದೆಯಲ್ಲ ಎಂದು. ಆಮೇಲೆ ಹೇಳ್ತೀನಿ ಎಂದೆ. ಅದೂ ಸುಳ್ಳಲ್ಲ.

ಜೂನ್ 24, ಮಂಗಳವಾರ

ನೀರಿನೊಳಕ್ಕೆ ಚಾಚಿದ ಮರದ ದೋಣಿಕಟ್ಟೆಯ ತುದಿಯನ್ನು ಚಳಿಗಾಲದ ಮಂಜುಗಡ್ಡೆ ಎತ್ತಿ ಮುರಿದಿದೆ. ಹಲಗೆಗಳು ಕೊಳೆತಿವೆ. ನಿನ್ನೆ ಅಮ್ಮನ ಕಾಲು ಒಂದರೊಳಗೆ ಹೋಯಿತು. ಇರ್ಮೆಲಿ ಬರುವಷ್ಟರಲ್ಲಿ ಸರಿಯಾಗದಿದ್ದರೆ ಮುದುಕಿ ನೀರಿಗೆ ಬಿದ್ದು, ಫಿನ್ಲೆಂಡಿನಲ್ಲಿ ಮೊಳೆ ಕೂಡ ಸಿಗಲ್ಲ ಎಂದು ಇಡೀ ಸ್ವೀಡನ್ನಿಗೆ ಸಾರುತ್ತಾಳೆ ಎಂದು ಅಜ್ಜಿಯ ಚಿಂತೆ.

ಆಚೆ ದಡದ ತೈಸ್ತೊ ದೋಣಿಕಟ್ಟೆ ಕಟ್ಟುವವನು. ಬೇಸಿಗೆಯಿಡೀ ಬಿಡುವಿಲ್ಲವಂತೆ. ಹಲಗೆಗಳನ್ನು ಮಾತ್ರ ದೋಣಿಯಲ್ಲಿ ತಂದು ಹಾಕಿ, ಎರಡು ಮಾತು ಹೇಳಿ ಹೋದ. ಹಲಗೆಗೂ ಹಲಗೆಗೂ ನಡುವೆ ಒಂದು ಪೆನ್ಸಿಲ್ ದಪ್ಪ ಜಾಗ ಬಿಡು. ಮರದ ತಿರುಳಿನ ಕಡೆ ಮೇಲಕ್ಕೆ ಬರಲಿ. ಮೂರನೇ ಮಾತು ಹೋಗುವಾಗ ಹೇಳಿದ, ಮೊಳೆ ಬೇಡ, ಸ್ಕ್ರೂ ಹಾಕು ಎಂದು.

ಹಳೆಯದನ್ನು ಕೀಳುವುದರಲ್ಲೇ ನನ್ನ ದಿನ ಹೋಯಿತು. ಊಟಕ್ಕೆ ಅಜ್ಜಿ ಕೂಗಿದ್ದು ಕೇಳಿಸಲಿಲ್ಲ. ಕಾಲು ತೊಡೆಯವರೆಗೆ ನೀಲಿಯಾಗಿತ್ತು. ನೀರು 15.

ಉಪಯೋಗವಿಲ್ಲದ ದಿನ. ಅಮ್ಮನಿಗೆ ಹೇಳಲು ಇವತ್ತು ಮೂರು ಸಲ ಸಮಯ ಸಿಕ್ಕಿತ್ತು.

ಜೂನ್ 27, ಶುಕ್ರವಾರ

ಮೂರನೇ ವರ್ಷದ ಪುಸ್ತಕಗಳ ಪಟ್ಟಿ ಬಂತಾ ಎಂದು ಅಮ್ಮ ಕೇಳಿದಳು. ನನಗೆ ಬಂದಿಲ್ಲ ಎಂದೆ. ಅಂಚೆ ಡಬ್ಬಿಯ ಕಡೆಯಿಂದ ಅಮ್ಮ ಬರುವುದು ಕಂಡಾಗಲೆಲ್ಲ ಕೈಯಲ್ಲಿ ಏನಿದೆ ಎಂದು ಮೊದಲು ನೋಡುತ್ತೇನೆ.

ಜುಲೈ 3, ಗುರುವಾರ

ಜಮಖಾನೆ ಒಗೆಯುವ ದಿನ. ಹಳೆ ಬಟ್ಟೆಯ ಪಟ್ಟಿಗಳಿಂದ ನೇಯ್ದ ಉದ್ದದ ಜಮಖಾನೆಗಳು ಏಳು. ನಾನು ಕಟ್ಟಿದ ಹೊಸ ಕಟ್ಟೆಯ ಮೇಲೆ ಹಾಸಿ, ಪೈನ್ ಸೋಪು ಸುರಿದು, ಮೊಣಕಾಲೂರಿ ಬ್ರಷ್ಷಿನಿಂದ ಉಜ್ಜಿದೆವು. ಕಟ್ಟೆ ಅಲ್ಲಾಡಲಿಲ್ಲ. ಒಂದು ಹಲಗೆಯ ಸಂದು ಮಾತ್ರ ಪೆನ್ಸಿಲ್‌ಗಿಂತ ಅಗಲವಾಗಿದೆ, ನೋಡಿದಾಗಲೆಲ್ಲ ಕಣ್ಣಿಗೆ ಕುಟುಕುತ್ತದೆ. ನಾಳೆ ಬಿಚ್ಚಿ ಸರಿಮಾಡಬೇಕು.

ಹಸಿರು ಪಟ್ಟಿ ತೋರಿಸಿ ಅಜ್ಜಿ, ಇದು ನಿಮ್ಮಮ್ಮ ಮೊದಲ ದಿನ ಶಾಲೆಗೆ ಹಾಕಿಕೊಂಡು ಹೋದ ಫ್ರಾಕು ಎಂದಳು. ಅಮ್ಮ ನಕ್ಕು, ನಾಲ್ಕು ದಿನಕ್ಕೆ ಅದನ್ನು ಹರಿದುಕೊಂಡು ಬಂದಿದ್ದೆ ಎಂದಳು. ಆಗ ಹೇಳಬಹುದಿತ್ತು. ಬಾಯಿ ತೆರೆದೂ ಇದ್ದೆ. ಅಮ್ಮ ಬ್ರಷ್ಷು ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟು ಆಕಾಶ ನೋಡುತ್ತಾ ಕೂತಳು. ರಾತ್ರಿ ಪಾಳಿ ಇಲ್ಲದ ಈ ಕೆಲವು ವಾರ, ವರ್ಷಕ್ಕೊಮ್ಮೆ ಸಿಗುವುದು. ಬಾಯಿ ಮುಚ್ಚಿದೆ.

ಜಮಖಾನೆಗಳು ಈಗ ಬೇಲಿಯ ಮೇಲೆ ಒಣಗುತ್ತಿವೆ.

ಜುಲೈ 5, ಶನಿವಾರ

ಬಂದರು. ಇರ್ಮೆಲಿ ಅಜ್ಜಿ ಕಾರಿನಿಂದ ಇಳಿಯುತ್ತಲೇ ನಾಲ್ಕು ಕಟ್ಟು ಕಾಫಿಪುಡಿ ತೆಗೆದು ಕೊಟ್ಟಳು, ಇಲ್ಲಿ ಕಾಫಿಯೇ ಸಿಗುವುದಿಲ್ಲ ಎಂಬಂತೆ. ಐವತ್ತು ವರ್ಷದಿಂದ ಹೀಗೇ. ಅಜ್ಜಿ ಐವತ್ತು ವರ್ಷದಿಂದ ಅದನ್ನು ಕಪಾಟಿನ ಹಿಂದೆ ಇಟ್ಟು, ತನ್ನ ಕಾಫಿಯನ್ನೇ ಕುದಿಸುತ್ತಾಳೆ.

ಲಿನ್ನೇಯಳ ಟೋಪಿಯೂ ಬಂದಿದೆ, ಗುಂಡನೆಯ ಡಬ್ಬಿಯಲ್ಲಿ. ಅಡುಗೆಮನೆಯ ಮೇಜಿನ ಮೇಲೆ ಬ್ರೆಡ್ಡು, ಬೆಣ್ಣೆಯ ನಡುವೆ ಇಟ್ಟು ಇರ್ಮೆಲಿ ಮುಚ್ಚಳ ತೆಗೆದಳು. ಬಿಳಿ ಮಖಮಲ್ಲು, ಕಪ್ಪು ಅಂಚು. ಅಜ್ಜಿ ಕನ್ನಡಕ ಹಾಕಿಕೊಂಡು ಹೊಲಿಗೆ ನೋಡಿದಳು.

"ಚೆನ್ನಾಗಿದೆ. ನಿಮ್ಮ ಕಡೆ ಪರೀಕ್ಷೆ ಗಿರೀಕ್ಷೆ ಏನೂ ಇಲ್ವಂತಲ್ಲ. ಮೂರು ವರ್ಷ ಸಾಯದೆ ಉಳಿದೋರಿಗೆಲ್ಲ ಟೋಪಿ."

"ನಿಮ್ಮ ಕಡೆ ಪರೀಕ್ಷೆ ಬರ್ದು ಬರ್ದು ಹುಡುಗ್ರಿಗೆ ನಗೋದೇ ಮರ್ತುಹೋಗಿದೆ ಅಕ್ಕ. ನೋಡು ಇವಳ ಮುಖಾನ," ಎಂದು ಇರ್ಮೆಲಿ ನನ್ನ ಕಡೆ ಕೈ ತೋರಿಸಿದಳು.

ಎಲ್ಲರೂ ನಕ್ಕರು. ನಾನೂ ನಗಲು ನೋಡಿದೆ.

ಒಮ್ಮೆ ಹಾಕಿ ನೋಡೇ ಎಂದು ಇರ್ಮೆಲಿ ಟೋಪಿಯನ್ನು ನನ್ನ ತಲೆಯ ಹತ್ತಿರ ತಂದಳು. ಅಜ್ಜಿ ಅವಳ ಮಣಿಕಟ್ಟು ಹಿಡಿದುಬಿಟ್ಟಳು. ಪರೀಕ್ಷೆಗೆ ಮುಂಚೆ ತಲೆಗೆ ಇಟ್ಟುಕೊಂಡವರಿಗೆ ಟೋಪಿ ದಕ್ಕುವುದಿಲ್ಲ. ಇದನ್ನು ಅಜ್ಜಿ ಮಾತ್ರವಲ್ಲ, ನನ್ನ ತರಗತಿಯ ಅತಿಬುದ್ಧಿವಂತರೂ ನಂಬುತ್ತಾರೆ.

ಜುಲೈ 6, ಭಾನುವಾರ

ಊಟದ ಹೊತ್ತಿಗೆ ಅಜ್ಜಿ ಗೋಡೆಯ ಹಲಗೆಯಿಂದ ಬೇಸಿಗೆ ಮನೆಯ ಪುಸ್ತಕ ಇಳಿಸಿ ಧೂಳು ಒರೆಸಿದಳು. ಅಜ್ಜ ನಲವತ್ತೊಂದು ವರ್ಷ ಬರೆದದ್ದು. ದಿನವೂ ಬೆಳಿಗ್ಗೆ ಎಂಟಕ್ಕೆ ಸರೋವರದ ನೀರಿನ ಬಿಸಿ, ಬಲೆಗೆ ಬಿದ್ದ ಮೀನು, ಬಂದವರ ಹೆಸರು. ಅಳೆದದ್ದು, ಎಣಿಸಿದ್ದು, ಕಣ್ಣಾರೆ ಕಂಡದ್ದು ಮಾತ್ರ ಬರೆಯಬೇಕು ಎಂಬುದು ಅವನ ನಿಯಮ. ನನಗೆ ಎಂಟು ವರ್ಷವಿದ್ದಾಗ, ಬಂದ ನೆಂಟರೊಬ್ಬರು ತಾವು ಹಿಡಿದ ಮೀನು ಆರು ಕಿಲೋ ಎಂದು ಬರೆದಿದ್ದರು. ತಕ್ಕಡಿಯಲ್ಲಿ ನೋಡಿದ್ದೇ ನಾನು, ನಾಲ್ಕು ಕಿಲೋ ಮುನ್ನೂರು. ಅಜ್ಜ ಆರನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ತಿದ್ದಿದವಳು ಸೈಮಿ’ ಎಂದು ಬರೆದ. ಅವನು ಹೋದ ಮೇಲೆ ನೀರು ಅಳೆಯುವ ಕೆಲಸ ನನ್ನದು.

ನೆಂಟರು ಹೊರಡುವ ಹಿಂದಿನ ಭಾನುವಾರ, ಅಂದರೆ ಹದಿಮೂರಕ್ಕೆ, ಪ್ರತಿಯೊಬ್ಬರೂ ತಮ್ಮ ಆ ವರ್ಷದ ಸುದ್ದಿಯನ್ನು ಒಂದೊಂದು ಸಾಲು ಬರೆದು ಓದಬೇಕು. ಅಜ್ಜಿ ಅದನ್ನೇ ನಕಲು ಮಾಡಿ ದೂರದ ನೆಂಟರಿಗೆಲ್ಲ ಕಾಗದ ಹಾಕುತ್ತಾಳೆ. ನನ್ನ ಸಾಲನ್ನು ಅವಳು ಈಗಾಗಲೇ ಯೋಚಿಸಿ ಇಟ್ಟಿದ್ದಾಳೆ: ಸೈಮಿ ಶಾಲೆಯ ಕೊನೆಯ ವರ್ಷಕ್ಕೆ ಕಾಲಿಟ್ಟಳು, ಟೋಪಿ ಹೊಲಿಯಲು ಕೊಟ್ಟಿದೆ.

ಕೇಳದೆ ಇದ್ದರೆ ಸುಮ್ಮನಿರಬಹುದು. ಬರೆಯುವುದು ಬೇರೆ. ಆ ಪುಸ್ತಕದಲ್ಲಿ ಅದನ್ನು ಬರೆಯಲು ನನ್ನ ಕೈ ಬರುವುದಿಲ್ಲ.

ಇನ್ನು ಏಳು ದಿನ.

ಜುಲೈ 9, ಬುಧವಾರ

ಲಿನ್ನೇಯಳನ್ನು ಬಲೆ ಎತ್ತಲು ದೋಣಿಯಲ್ಲಿ ಕರೆದೊಯ್ದೆ. ಅವಳ ಫಿನ್ನಿಶ್ ನನ್ನ ಸ್ವೀಡಿಷ್‌ಗಿಂತ ವಾಸಿ, ಆದರೂ ಮಗು ಮಾತಾಡಿದಂತೆ ಮಾತಾಡುತ್ತಾಳೆ. ಮೀನು ಬಿಡಿಸುವಾಗ ಕೈ ಹಿಂದೆ ಎಳೆದುಕೊಂಡು ಕಿರುಚಿ, ಆಮೇಲೆ ತಾನೇ ನಕ್ಕಳು.

ಇದ್ದಕ್ಕಿದ್ದಂತೆ ಕೇಳಿದಳು. "ಸೈಮಿ, ನಿಂಗೆ ಶಾಲೆ ಇಲ್ಲ, ಅಲ್ವಾ?"

ಐದು ತಿಂಗಳಲ್ಲಿ ಮೊದಲ ಸಲ ಯಾರೋ ನೇರವಾಗಿ ಕೇಳಿದ್ದರು. "ಇಲ್ಲ," ಎಂದೆ. ಹುಟ್ಟು ಹಾಕುವುದನ್ನು ನಿಲ್ಲಿಸಿದ್ದೆ, ದೋಣಿ ತನ್ನಷ್ಟಕ್ಕೆ ತಿರುಗುತ್ತಿತ್ತು.

ಹೇಗೆ ಗೊತ್ತಾಯಿತು ಎಂದೆ. ಯಾರಾದರೂ ಶಾಲೆ ಎಂದರೆ ನಾನು ಎದ್ದು ಸೌದೆ ಒಡೆಯಲು ಹೋಗುತ್ತೇನಂತೆ. ಸೌದೆಯ ರಾಶಿ ಕಿಟಕಿಯ ಮಟ್ಟಕ್ಕೆ ಬಂದಿದೆ ಎಂದಳು.

ಯಾರಿಗೂ ಹೇಳುವುದಿಲ್ಲ, ಆದರೆ ತನ್ನ ಮುಖಕ್ಕೆ ಮುಚ್ಚಿಡಲು ಬರುವುದಿಲ್ಲ, ಭಾನುವಾರದೊಳಗೆ ನೀನೇ ಹೇಳು ಎಂದಳು. ಸಂಜೆ ಊಟದಲ್ಲಿ ಅಜ್ಜಿ ಟೋಪಿಯ ಮಾತೆತ್ತಿದಾಗ ಲಿನ್ನೇಯಳ ಕಿವಿ ಕೆಂಪಾಯಿತು. ಮುಖಕ್ಕೆ ಬರುವುದಿಲ್ಲ ಎಂದದ್ದು ನಿಜ. ರೈ ಹಿಟ್ಟಿನಲ್ಲಿ ಹೊರಳಿಸಿ ಕರಿದ ಮೀನು ಬಾಯಲ್ಲಿ ಮರಳಿನಂತೆ ಇತ್ತು. ನಾಲ್ಕು ದಿನ.

ಜುಲೈ 11, ಶುಕ್ರವಾರ

ಹೇಳಲಿಲ್ಲ. ಕಟ್ಟೆಗೆ ನೀರಿಗಿಳಿಯುವ ಮೆಟ್ಟಿಲು ಮಾಡಿದೆ. ಇರ್ಮೆಲಿಗೆ ಮಂಡಿ ಬಗ್ಗುವುದಿಲ್ಲ.

ತೈಸ್ತೊ ದೋಣಿಯಲ್ಲಿ ಹಾದುಹೋಗುತ್ತಾ ಎಂಜಿನ್ ನಿಲ್ಲಿಸಿದ. ಕಟ್ಟೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದ. ಯಾರು ಮಾಡಿದ್ದು ಎಂದ. ನಾನು ಎಂದೆ. ಹೂಂ ಎಂದು ಹೋದ.

ಎರಡು ದಿನ.

ಜುಲೈ 12, ಶನಿವಾರ

ಆಗಿಹೋಯಿತು. ಆದದ್ದನ್ನು ಆದಹಾಗೆಯೇ ಬರೆಯುತ್ತೇನೆ.

ಮಧ್ಯಾಹ್ನ ಕಾಫಿಯ ನಂತರ ಇರ್ಮೆಲಿಗೆ ಫೋಟೊ ಬೇಕೆನಿಸಿತು. ಲಿನ್ನೇಯ ಟೋಪಿ ಹಾಕಿಕೊಂಡು ಹೊಸ ಕಟ್ಟೆಯ ತುದಿಯಲ್ಲಿ ನಿಲ್ಲಬೇಕು, ಹಿಂದೆ ಸರೋವರ. ಲಿನ್ನೇಯ ಬೇಡ ಬೇಡ ಎಂದಳು. ಇಬ್ಬರು ಅಜ್ಜಿಯರೂ ಕುರ್ಚಿ ಹಾಕಿಸಿಕೊಂಡು ಅಕ್ಕಪಕ್ಕ ಕೂತರು. ಅಮ್ಮನ ಕೈಯಲ್ಲಿ ಫೋನು. ನಾನು ಬದಿಯಲ್ಲಿ ನಿಂತಿದ್ದೆ.

ಗಾಳಿ ಬೀಸಿತು. ಟೋಪಿ ಎದ್ದು, ಒಮ್ಮೆ ಮಗುಚಿ, ನೀರಿನ ಮೇಲೆ ಬಿಳಿ ತಟ್ಟೆಯಂತೆ ಕೂತು ಹೊರಟೇಬಿಟ್ಟಿತು.

ನಾನು ಬಟ್ಟೆಯಲ್ಲೇ ಹಾರಿದೆ. ಯೋಚಿಸಿ ಹಾರಿದ್ದಲ್ಲ. ಇಪ್ಪತ್ತು ಮೀಟರ್ ಆಚೆ ಅದು ಸಿಕ್ಕಿತು, ಅಂಚು ಆಗಲೇ ತೊಯ್ದಿತ್ತು. ಗಾಳಿಗೆ ಎದುರಾಗಿ ಬರಬೇಕಿತ್ತು, ಒಂದು ಕೈಯಲ್ಲಿ ಈಜಲು ಆಗಲಿಲ್ಲ. ತಲೆಯ ಮೇಲೆ ಇಟ್ಟುಕೊಂಡೆ. ಬೇರೆ ಜಾಗ ಇರಲಿಲ್ಲ.

ಕಟ್ಟೆಯಿಂದ ಅಜ್ಜಿಯ ಕೂಗು ಕೇಳಿಸಿತು. "ತಲೆ ಮೇಲೆ ಬೇಡ ಸೈಮಿ, ಹಲ್ಲಲ್ಲಿ ಕಚ್ಕೊಂಡು ಬಾ."

ಇರ್ಮೆಲಿ ನಗುತ್ತಿದ್ದಳು. ಅಮ್ಮ ಫೋಟೊ ತೆಗೆಯುತ್ತಲೇ ಇದ್ದಳು. ಕಾಲು ನೆಲಕ್ಕೆ ಸಿಗುವಲ್ಲಿಗೆ ಬಂದು ನಿಂತೆ. ನೀರು ಸೊಂಟದವರೆಗೆ. ಟೋಪಿ ಬಿಗಿಯಾಗಿ ಹಣೆಯನ್ನು ಒತ್ತುತ್ತಿತ್ತು, ಲಿನ್ನೇಯಳ ತಲೆ ಚಿಕ್ಕದು.

"ತೆಗಿ ಅದನ್ನ," ಎಂದಳು ಅಜ್ಜಿ. ಅವಳಿಗೆ ನಗು ಬಂದಿರಲಿಲ್ಲ. "ಪರೀಕ್ಷೆಗೆ ಮುಂಚೆ ಹಾಕ್ಕೊಂಡ್ರೆ ಸಿಗಲ್ಲ ಅಂತ ಗೊತ್ತಿಲ್ವಾ ನಿಂಗೆ?"

"ಗೊತ್ತು ಅಜ್ಜಿ. ನಂಗೆ ಅದು ಹೇಗೂ ಸಿಗಲ್ಲ."

"ಅಪಶಕುನ ನುಡೀಬೇಡ."

"ಶಕುನ ಅಲ್ಲ. ಫೆಬ್ರವರಿ ಹತ್ತರಿಂದ ನಾನು ಶಾಲೆಗೆ ಹೋಗಿಲ್ಲ. ಏಪ್ರಿಲ್‌ನಲ್ಲಿ ಹೆಸರು ತೆಗೆಸಿದೆ. ನಾನೇ ಸಹಿ ಹಾಕಿದೆ."

ಇರ್ಮೆಲಿಯ ನಗು ನಿಂತಿತು. ಲಿನ್ನೇಯ ತನ್ನ ಪಾದ ನೋಡುತ್ತಿದ್ದಳು. ಅಮ್ಮ ಫೋನನ್ನು ನಿಧಾನವಾಗಿ ಇಳಿಸಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ.

"ರಾತ್ರಿ ಪಾಳಿ ಮುಗ್ಸಿ ಬಂದು, ಕಾರಿಂದ ಇಳೀದೆ, ದಿನಾ ಬೆಳಿಗ್ಗೆ ನಿನ್ನ ಬಿಟ್ಟು ಬರ್ತಿದ್ನಲ್ಲ," ಎಂದಳು. "ಎಲ್ಲಿಗೆ ಬಿಡ್ತಿದ್ದೆ ನಾನು?"

"ಬಸ್ ಸ್ಟಾಪಿಗೆ," ಎಂದೆ.

ಅದು ನಿಜ. ಅಷ್ಟು ಹೊಲಸಾದ ನಿಜ ನನ್ನ ಬಾಯಿಂದ ಹಿಂದೆಂದೂ ಬಂದಿರಲಿಲ್ಲ. ಅಮ್ಮ ತಿರುಗಿ ಮನೆಯ ಕಡೆ ಹೋದಳು. ನಾನು ಮೆಟ್ಟಿಲು ಹತ್ತಿ, ಟೋಪಿ ತೆಗೆದು ಲಿನ್ನೇಯಳ ಕೈಗೆ ಕೊಟ್ಟೆ. ಅಜ್ಜಿ ಕುರ್ಚಿಯಿಂದ ಏಳಲು ನೋಡಿದಳು. ಕೈ ಕೊಡಲು ಹೋದೆ. ಹಿಡಿಯಲಿಲ್ಲ, ತಾನೇ ಎದ್ದಳು.

ಶನಿವಾರವಾದ್ದರಿಂದ ಸಂಜೆ ಸೌನಾ ಕಾಯಿಸಲೇಬೇಕು. ಕಾಯಿಸಿದೆ. ಐದು ಜನ ಸಾಲಾಗಿ ಕೂತೆವು. ಇಲ್ಲಿ ಶಾಲೆಯ ಮಾತಾಡುವಂತಿಲ್ಲ, ಬೇರೆ ಮಾತು ಯಾರ ಹತ್ತಿರವೂ ಇರಲಿಲ್ಲ. ತೊಳೆದುಕೊಳ್ಳುವ ಹೊತ್ತಿಗೆ ಅಜ್ಜಿ ನನ್ನ ಮುಂದೆ ಬಂದು ಬೆನ್ನು ಮಾಡಿ ಕೂತಳು. ಪ್ರತಿ ಶನಿವಾರ ಅವಳ ಬೆನ್ನು ಉಜ್ಜುವವಳು ನಾನೇ. ಉಜ್ಜು ಎಂದು ಕೂತಳೋ, ಮುಖ ನೋಡಲಾರೆ ಎಂದು ಕೂತಳೋ ಗೊತ್ತಾಗಲಿಲ್ಲ. ಉಜ್ಜಿದೆ.

ಜುಲೈ 13, ಭಾನುವಾರ

ಪುಸ್ತಕ ಇಳಿಸಲಿಲ್ಲ. ಕಾಫಿ ಕುಡಿದೆವು, ಇರ್ಮೆಲಿ ಗೋಡೆಯ ಹಲಗೆಯ ಕಡೆ ಒಮ್ಮೆ ನೋಡಿದಳು. ಇಷ್ಟು ವರ್ಷದಲ್ಲಿ ಇದೇ ಮೊದಲು.

ಜುಲೈ 14, ಸೋಮವಾರ

ಹೋದರು. ಲಿನ್ನೇಯ ಅಪ್ಪಿಕೊಂಡಳು. ಟೋಪಿಯ ಅಂಚು ಸೊಟ್ಟಗಾಗಿದೆ, ನನಗೆ ಹಾಗೇ ಇಷ್ಟ ಎಂದಳು. ಇರ್ಮೆಲಿ ಕಾರಿನ ಕಿಟಕಿ ಇಳಿಸಿ ಅಜ್ಜಿಗೆ ಹೇಳಿದ್ದು ನನಗೂ ಕೇಳಿಸಿತು. "ಅಕ್ಕ, ಆ ಮೆಟ್ಟಿಲಲ್ಲಿ ನಾನೊಬ್ಳೇ ಇಳ್ದು ಈಜಾಡ್ದೆ. ನೀರಿಗೆ ಇಳ್ದು ಎಂಟು ವರ್ಷ ಆಗಿತ್ತು."

ಮನೆ ಇದ್ದಕ್ಕಿದ್ದಂತೆ ದೊಡ್ಡದಾಗಿದೆ. ಮೂರು ಜನ ಮೂರು ಕಡೆ.

ಜುಲೈ 15, ಮಂಗಳವಾರ

ನಾನು ಬೆರ್ರಿ ಹಣ್ಣು ಆರಿಸುವಾಗ ಅಮ್ಮ ಪಕ್ಕಕ್ಕೆ ಬಂದು ಕೂತಳು. ಯಾಕೆ ಎಂದು ಕೇಳಿದಳು. ಕೂರಲು ಆಗಲಿಲ್ಲ ಎಂದೆ. ಫೆಬ್ರವರಿಯಿಂದ ಮೇವರೆಗೆ ದಿನವೂ ಎಲ್ಲೆಲ್ಲಿ ನಡೆದೆ ಎಂಬುದನ್ನೆಲ್ಲ ಹೇಳಿದೆ, ಒಂದನ್ನೂ ಬಿಡದೆ. ಮೈನಸ್ ಇಪ್ಪತ್ತೆರಡರಲ್ಲೂ ನಡೆದೆಯಾ ಎಂದಳು. ಹೌದು ಎಂದೆ. ಟೋಪಿ ಹಾಕ್ಕೊಂಡಿದ್ದೆಯಾ ಎಂದಳು. ಉಣ್ಣೆಯದು ಎಂದೆ. ಅಮ್ಮನಿಗೆ ನಗು ಬಂತು, ನಗುತ್ತಲೇ ಅಳು ಬಂತು. ನಾನು ಶಾಲೆ ಬಿಟ್ಟದ್ದಕ್ಕಲ್ಲವಂತೆ. ನಾನು ಚಳಿಯಲ್ಲಿ ಅಲೆಯುತ್ತಿದ್ದಾಗ ತಾನು ಬೆಚ್ಚಗೆ ನಿದ್ದೆ ಮಾಡುತ್ತಿದ್ದೆ ಎಂದು.

ಬಕೆಟ್ಟು ತುಂಬುವವರೆಗೆ ಇಬ್ಬರೂ ಆರಿಸಿದೆವು.

ಜುಲೈ 17, ಗುರುವಾರ

ತೈಸ್ತೊ ಬಂದಿದ್ದ. ದಕ್ಷಿಣದ ಸರೋವರಗಳ ಕಡೆ ಹದಿಮೂರು ಕಟ್ಟೆಯ ಕೆಲಸ ಇದೆ, ನೀರು ಹೆಪ್ಪುಗಟ್ಟುವವರೆಗೆ. ಜೊತೆಗೆ ಒಬ್ಬರು ಬೇಕು, ಸೋಮವಾರ ಹೊರಡುವುದು ಎಂದ. ಕಟ್ಟೆಯ ಸಂದುಗಳಿಗೆ ಜೇಬಿನ ಪೆನ್ಸಿಲ್ ಇಟ್ಟು ನೋಡುತ್ತಾ, ನನ್ನ ಮುಖ ನೋಡದೆ ಕೇಳಿದ, ನಿಂಗೆ ಶಾಲೆ ಶುರುವಾಗೋದು ಯಾವಾಗ ಎಂದು.

"ನನಗೆ ಶಾಲೆ ಇಲ್ಲ. ಬಿಟ್ಟಿದ್ದೀನಿ," ಎಂದೆ.

ಹೂಂ ಎಂದ. ಬೂಟು ನೀರು ಸೋರದ್ದೇ ತಗೊಂಡು ಬಾ ಎಂದ.

ಅಮ್ಮನಿಗೆ ಆಗಲೇ ಹೋಗಿ ಹೇಳಿದೆ. ಆಮೇಲೆ ಸಂದುಗಳನ್ನು ನಾನೂ ಇನ್ನೊಮ್ಮೆ ನೋಡಿದೆ. ಎಲ್ಲ ಒಂದೇ ಸಮ. ನೀರು 20.

ಜುಲೈ 19, ಶನಿವಾರ

ಅಜ್ಜಿ ಇನ್ನೂ ಅಗತ್ಯಕ್ಕೆ ತಕ್ಕಷ್ಟೇ ಮಾತಾಡುತ್ತಾಳೆ. ಉಪ್ಪು ಕೊಡು. ಬಾಗಿಲು ಹಾಕು. ಹಾಲಿನ ಡೈರಿಗೆ ಸೇರಿದಾಗ ಅವಳಿಗೆ ಹದಿನಾಲ್ಕು. ಬಿಟ್ಟದ್ದಲ್ಲ, ಬಿಡಿಸಿದ್ದು. ನಾನು ಬಾಗಿಲವರೆಗೆ ಹೋಗಿ ಬಿಟ್ಟವಳು. ಇದನ್ನು ಅವಳು ಹೇಳಲಿಲ್ಲ. ಹೇಳಿದ್ದರೆ ತಡೆದುಕೊಳ್ಳಬಹುದಿತ್ತು.

ಬೆನ್ನು ಉಜ್ಜಿದೆ.

ಜುಲೈ 20, ಭಾನುವಾರ

ಚೀಲ ಕಟ್ಟುತ್ತಿದ್ದೆ. ಅಜ್ಜಿ ಒಳಗಿನಿಂದ ಕರೆದಳು. ಮೇಜಿನ ಮೇಲೆ ಪುಸ್ತಕ ತೆರೆದು ಇಟ್ಟಿದ್ದಳು, ಪಕ್ಕದಲ್ಲಿ ಪೆನ್ನು. ಅಮ್ಮ ತನ್ನ ಸಾಲು ಬರೆದಾಗಿತ್ತು. ಬಂದುಹೋದವರ ಹೆಸರನ್ನು ಅಜ್ಜಿ ಬರೆದಿದ್ದಳು. ಆಮೇಲೆ ಖಾಲಿ.

"ಬರಿ," ಎಂದಳು. "ನಿಮ್ಮಜ್ಜನ ಪುಸ್ತಕ ಇದು. ನೋಡ್ಕೊಂಡು ಬರಿ."

ಬರೆದೆ. ಅವಳು ಎದುರಿಗೇ ನಿಂತಿದ್ದಳು. ಮುಗಿದ ಮೇಲೆ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದಳು, ನಿಯಮದಂತೆ. "ಸೈಮಿ ಶಾಲೆ ಬಿಟ್ಟಳು. ಐದು ತಿಂಗಳು ಮನೆಯವರಿಂದ ಮುಚ್ಚಿಟ್ಟಳು. ದೋಣಿಕಟ್ಟೆಗೆ ಹನ್ನೊಂದು ಹೊಸ ಹಲಗೆ ಹಾಕಿದಳು."

ಪುಸ್ತಕ ಕೆಳಗಿಟ್ಟಳು. "ತಪ್ಪು."

ನಾನು ಸಾಲನ್ನು ಮತ್ತೆ ಓದಿದೆ.

"ಹನ್ನೊಂದಲ್ಲ. ಹದಿನಾಲ್ಕು. ಮೆಟ್ಟಿಲಿನ ಮೂರು ಬಿಟ್ಟಿದ್ದೀಯ."

ಎಣಿಸಿದೆ. ಹೌದು, ಹದಿನಾಲ್ಕೇ. ಹನ್ನೊಂದನ್ನು ಹೊಡೆದುಹಾಕಿ ಹದಿನಾಲ್ಕು ಮಾಡಿದೆ. ಅಜ್ಜಿ ಪೆನ್ನು ತೆಗೆದುಕೊಂಡು ಪಕ್ಕದಲ್ಲಿ ತನ್ನ ಹೆಸರು ಬರೆದಳು, ತಿದ್ದಿದವಳು ಎಂದು.

ಟೋಪಿಯ ವಿಷಯ ಏನು ಮಾಡುವುದು ಎಂದು ಕೇಳಿದೆ. ಅಂಗಡಿಯವಳಿಗೆ ಬೇಡ ಎಂದು ನಾನೇ ಫೋನ್ ಮಾಡಿ ಹೇಳುತ್ತೇನೆ ಎಂದೆ.

"ಹೆಸರು ಹೊಲಿದಾಗಿದೆಯಂತೆ," ಎಂದಳು ಅಜ್ಜಿ, ಪುಸ್ತಕವನ್ನು ಗೋಡೆಯ ಹಲಗೆಗೆ ಏರಿಸುತ್ತಾ. "ಇರ್ಲಿ ಬಿಡು. ನಿನ್ನ ತಲೆ ಇನ್ನೇನು ಬೆಳೆಯಲ್ಲ."

ಆಮೇಲೆ ಇರ್ಮೆಲಿ ತಂದ ಕಾಫಿಪುಡಿಯ ಒಂದು ಕಟ್ಟನ್ನು ನನ್ನ ಚೀಲಕ್ಕೆ ತುರುಕಿದಳು. ತೈಸ್ತೊಗೆ ಕೊಡು, ಅವನಿಗೆ ನಾಲಿಗೆ ಇಲ್ಲ, ಯಾವುದಾದರೂ ಕುಡಿಯುತ್ತಾನೆ ಎಂದಳು.

ನೀರಿನ ಬಿಸಿ ಇನ್ನು ಮೇಲೆ ಅಮ್ಮ ನೋಡುತ್ತಾಳೆ. ಆಗಸ್ಟ್‌ನಲ್ಲಿ ಅವಳು ಕೆಲಸಕ್ಕೆ ಹೋದ ಮೇಲೆ ಅಜ್ಜಿ. ಮೆಟ್ಟಿಲಿನ ಎರಡನೇ ಹಲಗೆಯ ಮೇಲೆ ಕೂತರೆ ಥರ್ಮಾಮೀಟರಿನ ಹಗ್ಗ ಕೈಗೆ ಸಿಗುತ್ತದೆ, ಅಜ್ಜಿಗೆ ತೋರಿಸಿಕೊಟ್ಟೆ.

ನೀರು 19. ನಾಳೆ ಬೆಳಿಗ್ಗೆ ಆರೂವರೆಗೆ ತೈಸ್ತೊನ ವ್ಯಾನು ಬರುತ್ತದೆ. ಹೊರಡುತ್ತೇನೆ.